ಪಿಂಛಿ ಮತ್ತು ಕೀಲಿಮಣೆ

ಉಟ್ಟ ಬಟ್ಟೆಯನ್ನೂ ಬಿಟ್ಟ ದಿಗಂಬರ ಮುನಿಗಳ ಬಳಿ ಮೂರು ವಸ್ತುಗಳು ಉಳಿಯುತ್ತವೆ. ನೆಲ ಗುಡಿಸುವ ನವಿಲುಗರಿಯ ಪಿಂಛಿ, ನೀರಿನ ಕಮಂಡಲು, ಓದುವ ಶಾಸ್ತ್ರ. ಎಲ್ಲವನ್ನೂ ತೊರೆದವರು ಈ ಮೂರನ್ನು ಇಟ್ಟುಕೊಂಡರೆ ಅದು ಪರಿಗ್ರಹವಾಗುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪರಂಪರೆ ಕೊಡುವ ಉತ್ತರ ಚಿಕ್ಕದು: ಇವು ಉಪಕರಣಗಳು. ಪಿಂಛಿ ಸಂಯಮಕ್ಕೆ, ಕಮಂಡಲು ಶೌಚಕ್ಕೆ, ಶಾಸ್ತ್ರ ಜ್ಞಾನಕ್ಕೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಮಾತು. ವಟ್ಟಕೇರಾಚಾರ್ಯರ ಮೂಲಾಚಾರ ಮುನಿಗಳ ಆಚಾರಕ್ಕೆ ಆಧಾರವಾದ ಗ್ರಂಥ. ಅದರಲ್ಲಿ ಪಿಂಛಿ ಹೇಗಿರಬೇಕು ಎಂಬುದಕ್ಕೆ ಐದು ಗುಣ ಹೇಳಿದೆ. ಧೂಳು ಹಿಡಿಯಬಾರದು, ಬೆವರು ಹಿಡಿಯಬಾರದು, ಮೃದುವಾಗಿರಬೇಕು, ನವಿರಾಗಿರಬೇಕು, ಹಗುರವಾಗಿರಬೇಕು. ಲೋಕವನ್ನೇ ಬಿಟ್ಟವರಿಗೆ ಕೈಯಲ್ಲಿರುವ ಒಂದು ವಸ್ತುವಿನ ತೂಕ, ನವಿರು, ಬೆವರಿನ ವಿಚಾರ ಯಾಕೆ ಬೇಕಿತ್ತು? ಯಾವುದೋ ಒಂದು ಗರಿ, ಒಂದು ಹುಲ್ಲಿನ ಕಂತೆ ಸಾಕಿತ್ತಲ್ಲ? ಹಾಗೆ ಹೇಳದೆ, ಸಾಧನ ಚೆನ್ನಾಗಿರಬೇಕು, ಚೆನ್ನಾಗಿರುವುದೆಂದರೆ ಇಂತಿಂಥದ್ದು ಎಂದು ಬರೆದಿಟ್ಟರು.

ಇದನ್ನು ನಾನು ಪದೇ ಪದೇ ಯೋಚಿಸುವುದಕ್ಕೆ ಕಾರಣ ನನ್ನ ಮೇಜಿನ ಮೇಲಿರುವ ಕೀಬೋರ್ಡು.

ನಾನು ಕಾರ್ಕಳದ ಕಡೆಯವಳು, ಮದುವೆಯಾಗಿ ಮೈಸೂರಿಗೆ ಬಂದವಳು. ಓಲೆಗರಿಗಳ ಫೋಟೋ ನೋಡಿಕೊಂಡು ಹಳಗನ್ನಡ, ನಡುಗನ್ನಡದ ಜೈನ ಗ್ರಂಥಗಳನ್ನು ಯೂನಿಕೋಡಿನಲ್ಲಿ ಟೈಪ್ ಮಾಡುವುದು ನನ್ನ ಕೆಲಸ. ದಿನದಲ್ಲಿ ಏಳೆಂಟು ಗಂಟೆ ಕೈ ಕೀಗಳ ಮೇಲೇ ಇರುತ್ತದೆ. ಹಿಂದೆ ಕಂಪ್ಯೂಟರಿನ ಜೊತೆ ಬಂದ ಕೀಬೋರ್ಡನ್ನೇ ಬಳಸುತ್ತಿದ್ದೆ. ಅಂಥವುಗಳಲ್ಲಿ ಕೀಗಳ ಕೆಳಗೆ ರಬ್ಬರಿನ ಒಂದು ಹಾಳೆ ಇರುತ್ತದೆ. ಕೀಯನ್ನು ತಳ ಮುಟ್ಟುವ ತನಕ ಒತ್ತದಿದ್ದರೆ ಅಕ್ಷರ ಮೂಡುವುದಿಲ್ಲ. ಸಂಜೆಯ ಹೊತ್ತಿಗೆ ಬೆರಳ ಗೆಣ್ಣುಗಳು ಬಿಗಿದುಕೊಳ್ಳುತ್ತಿದ್ದವು. ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ಅಣ್ಣನ ಮಗ ಒಮ್ಮೆ ಬಂದವನು ಅದರ ಮೇಲೆ ಬೆರಳಾಡಿಸಿ ನೋಡಿ, "ಅತ್ತೆ, ನೀವು ದಿನವಿಡೀ ಮುಟ್ಟುವ ವಸ್ತು ಇದೊಂದೇ. ಇದನ್ನೇ ಹೀಗೆ ಇಟ್ಟುಕೊಂಡಿದ್ದೀರಲ್ಲ" ಎಂದ. ಅವನಿಗೆ ಮೆಕ್ಯಾನಿಕಲ್ ಕೀಬೋರ್ಡುಗಳ ಗೀಳು. ಬಿಡಿಭಾಗಗಳನ್ನು ತರಿಸಿ ತಾನೇ ಜೋಡಿಸುತ್ತಾನೆ. ಅವನ ಕೈಯಿಂದ ಅದು ನನಗೂ ಬಂತು.

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಅದರದೇ ಆದ ಒಂದು ಸ್ವಿಚ್ಚು. ಒಳಗೆ ಒಂದು ಸ್ಪ್ರಿಂಗು, ಮೇಲೆ ಕೆಳಗೆ ಚಲಿಸುವ ಒಂದು ದಂಟು, ತಾಮ್ರದ ಬಣ್ಣದ ಒಂದು ತೆಳು ಎಲೆ. ಚೆರಿ ಎಂಬ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚಿನ ವಿನ್ಯಾಸವೇ ಇಂದಿಗೂ ಬಹುಪಾಲು ಸ್ವಿಚ್ಚುಗಳಿಗೆ ಮಾದರಿ. ಅದರ ಪೇಟೆಂಟಿನ ಅವಧಿ ಮುಗಿದ ಮೇಲೆ ಗೇಟರಾನ್, ಕೈಲ್ ಮೊದಲಾದ ಚೀನಾದ ಕಂಪನಿಗಳು ಅದೇ ಅಳತೆಯಲ್ಲಿ ನೂರಾರು ಬಗೆ ಮಾಡಿದವು. ಈ ಹವ್ಯಾಸ ಇಷ್ಟು ಹಬ್ಬಿದ್ದು ಆಮೇಲೆ. ಕೆಂಪು ದಂಟಿನ ಎಂಎಕ್ಸ್ ಸ್ವಿಚ್ಚು ಒಟ್ಟು 4 ಮಿಲಿಮೀಟರ್ ಕೆಳಗಿಳಿಯುತ್ತದೆ. ಆದರೆ 2 ಮಿಲಿಮೀಟರ್ ಇಳಿದಾಗಲೇ ಅಕ್ಷರ ಮೂಡಿರುತ್ತದೆ. ಅದಕ್ಕೆ ಬೇಕಾದದ್ದು 45 ಗ್ರಾಂನಷ್ಟು ಭಾರ. ಅಭ್ಯಾಸವಾದ ಮೇಲೆ ಬೆರಳು ತಳ ಮುಟ್ಟುವ ಮೊದಲೇ ಹಿಂದಿರುಗಲು ಕಲಿಯುತ್ತದೆ. ನನ್ನ ಗೆಣ್ಣುಗಳಿಗೆ ಆರಾಮವಾದದ್ದು ಇದರಿಂದ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಮಾತು ಹೇಳಬೇಕು. ನಾನು ಬಳಸುವುದು ಕೆ. ಪಿ. ರಾಯರು ರೂಪಿಸಿದ ವಿನ್ಯಾಸದಿಂದ ಬಂದ, ಸರ್ಕಾರ ಒಪ್ಪಿದ, 'ನುಡಿ' ತಂತ್ರಾಂಶದಲ್ಲಿರುವ ಕೀಲಿಮಣೆ. ಅದರಲ್ಲಿ ಒತ್ತು ಕೊಡಬೇಕಾದರೆ ಎಫ್ ಕೀ ಒತ್ತಬೇಕು. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ಇಂಗ್ಲಿಷಿನಲ್ಲಿ ಅಷ್ಟೇನೂ ಕೆಲಸವಿಲ್ಲದ ಎಫ್, ಕನ್ನಡದಲ್ಲಿ ಪ್ರತಿ ಒತ್ತಕ್ಷರಕ್ಕೂ ಬೇಕು. ಹಳಗನ್ನಡದಲ್ಲಂತೂ ಸಾಲು ಸಾಲಿಗೂ ಬೇಕು. ಪುಣ್ಯಕ್ಕೆ ಅದು ಎಡಗೈ ತೋರುಬೆರಳಿನ ಅಡಿಯಲ್ಲೇ ಇದೆ. ಕಣ್ಣು ಹಾಯಿಸದೆ ಜಾಗ ಸಿಗಲಿ ಎಂದು ಅದರ ಮೇಲೊಂದು ಸಣ್ಣ ಗೆರೆ ಉಬ್ಬಿರುತ್ತದೆ. ನನ್ನ ಹಳೆಯ ಕೀಬೋರ್ಡಿನಲ್ಲಿ ಮೊದಲು ಸವೆದು ಹೊಳಪೇರಿದ್ದು, ಅಕ್ಷರ ಅಳಿಸಿಹೋದದ್ದು ಆ ಕೀಯೇ.

ಈ ಹವ್ಯಾಸದಲ್ಲಿ ಕೈಕೆಲಸದ ಭಾಗವೊಂದಿದೆ. ನನಗೆ ಅದರ ಮೇಲೆ ಪ್ರೀತಿ. ಹೊಸ ಸ್ವಿಚ್ಚಿನ ದಂಟು ಪಕ್ಕದ ಗೋಡೆಗೆ ಉಜ್ಜಿಕೊಂಡು ಇಳಿಯುತ್ತದೆ, ಸ್ಪ್ರಿಂಗು ಸಣ್ಣಗೆ ಕಿಣಿಗುಟ್ಟುತ್ತದೆ. ಅದಕ್ಕೆ ಗ್ರೀಸು ಹಚ್ಚುತ್ತಾರೆ. ಕ್ರೈಟಾಕ್ಸ್ 205 ಎಂಬ ಬಿಳಿಯ ಗ್ರೀಸು ಹೆಚ್ಚು ಬಳಕೆಯಲ್ಲಿದೆ. ಪ್ರಾಣಿಜನ್ಯ ಕೊಬ್ಬು ಇಲ್ಲದ್ದು ಎಂದು ಖಾತ್ರಿ ಮಾಡಿಕೊಂಡೇ ತರಿಸಿದೆ. ಅದು ಪೂರ್ತಿ ರಾಸಾಯನಿಕ. ಚಿಕ್ಕ ಉಪಕರಣವೊಂದರ ಮೇಲೆ ಸ್ವಿಚ್ಚನ್ನಿಟ್ಟು ಒತ್ತಿದರೆ ಮೇಲಿನ ಕವಚ ಟಪ್ಪನೆ ಬಿಚ್ಚಿಕೊಳ್ಳುತ್ತದೆ. ಚಿತ್ರ ಬರೆಯುವ ಅತಿ ಸಣ್ಣ ಕುಂಚದ ತುದಿಯಲ್ಲಿ ಗ್ರೀಸು ತೆಗೆದುಕೊಂಡು, ಹೆಚ್ಚಾದದ್ದನ್ನು ಮುಚ್ಚಳದ ಅಂಚಿಗೆ ಒರೆಸಿ, ಕೆಳಗಿನ ಕವಚದ ಎರಡು ಹಳಿಗಳಿಗೆ ಒಂದೊಂದು ಎಳೆ, ಸ್ಪ್ರಿಂಗಿನ ಎರಡೂ ತುದಿಗೆ ಒಂದಿಷ್ಟು, ದಂಟಿನ ನಾಲ್ಕೂ ಬದಿಗೆ ಹೊಳಪು ಕಾಣುವಷ್ಟು ಮಾತ್ರ. ಬಿಳಿ ಬಣ್ಣ ಕಣ್ಣಿಗೆ ಬಿದ್ದರೆ ಹೆಚ್ಚಾಯಿತೆಂದೇ ಅರ್ಥ. ಹೆಚ್ಚಾದರೆ ಕೀ ಮಂದವಾಗುತ್ತದೆ, ಎದ್ದು ಬರಲು ಸೋಮಾರಿಯಾಗುತ್ತದೆ. ಒತ್ತುವಾಗ ನಡುವೆ ಒಂದು ದಿಬ್ಬ ಸಿಗುವ ಜಾತಿಯ ಸ್ವಿಚ್ಚಾದರೆ ದಂಟಿನ ಎರಡು ಕಾಲುಗಳಿಗೆ ಹಚ್ಚಲೇಬಾರದು, ದಿಬ್ಬವೇ ಸತ್ತುಹೋಗುತ್ತದೆ. ನಂಬರ್ ಪ್ಯಾಡ್ ಇಲ್ಲದ ಕೀಬೋರ್ಡಿಗೆ ಇಂಥ 87 ಸ್ವಿಚ್ಚು. ಕೊನೆಯದಕ್ಕೂ ಮೊದಲನೆಯದಕ್ಕಿದ್ದಷ್ಟೇ ಗಮನ ಕೊಡಬೇಕು. ಎಲ್ಲಕ್ಕಿಂತ ಹಟಮಾರಿ ಸ್ಪೇಸ್ ಬಾರು. ಉದ್ದನೆಯ ಕೀ ಎರಡೂ ಕಡೆ ಸಮನಾಗಿ ಇಳಿಯಲೆಂದು ಅದರ ಕೆಳಗೆ ಬಾಗಿದ ತಂತಿಯೊಂದಿರುತ್ತದೆ. ತಂತಿ ಕೂದಲೆಳೆಯಷ್ಟು ಸೊಟ್ಟವಾಗಿದ್ದರೂ ಪ್ರತಿ ಪದದ ಕೊನೆಗೆ ಕಟಕಟ ಎನ್ನುತ್ತದೆ. ಗಾಜಿನ ಮೇಲೆ ಮಲಗಿಸಿ, ಎಲ್ಲಿ ಏಳುತ್ತದೆ ನೋಡಿ, ಬೆರಳಲ್ಲೇ ಬಗ್ಗಿಸಿ ಸರಿ ಮಾಡಬೇಕು.

ಇಂಥ ಕೆಲಸದಲ್ಲಿ ಕಳೆದ ಸಂಜೆಗಳನ್ನು ಪ್ರಮಾದ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಜ್ಯೇಷ್ಠ ಶುದ್ಧ ಪಂಚಮಿ ನಮಗೆ ಶ್ರುತಪಂಚಮಿ. ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರಿಂದ ಷಟ್ಖಂಡಾಗಮ ಬರಹಕ್ಕಿಳಿದು ಪೂರ್ಣವಾದ ದಿನವೆಂದು ಆಚರಿಸುತ್ತೇವೆ. ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಸುತ್ತಿ ಪೂಜಿಸುತ್ತಾರೆ. ಆ ಆಗಮದ ಧವಳಾ ಟೀಕೆ ಮೂಡಬಿದಿರೆಯಲ್ಲಿ ಹಳೆಯ ಕನ್ನಡ ಲಿಪಿಯ ಓಲೆಗಳಲ್ಲಿ ಉಳಿದುಕೊಂಡಿತ್ತು. 1939ರಲ್ಲಿ ಅದರ ಮೊದಲ ಸಂಪುಟ ಅಚ್ಚಾಗಿ ಬಂತು. ಅಷ್ಟು ಶತಮಾನ ಅದು ಉಳಿದದ್ದು ಬರೀ ಭಕ್ತಿಯಿಂದಲ್ಲ. ಓಲೆಗೆ ಎಣ್ಣೆ ಹಚ್ಚಿದ ಕೈಗಳಿಂದ, ಹುಳ ಹಿಡಿಯದಂತೆ ನೋಡಿಕೊಂಡವರಿಂದ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ನಾವೆಲ್ಲ ಓದಿದ್ದೇವೆ. ಸಾವಿರ ಪ್ರತಿಯನ್ನೂ ಕೈಯಲ್ಲೇ ಕೊರೆಯಬೇಕಿತ್ತು. ಆ ಲಿಪಿಕಾರರಿಗೆ ಕಬ್ಬಿಣದ ಕಂಟದ ಮೊನೆ, ಅದರ ಭಾರ, ಅದು ಹೆಬ್ಬೆರಳಿನ ಉಗುರಿನ ಮೇಲೆ ಕೂರುವ ರೀತಿ ಸಣ್ಣ ವಿಷಯವಾಗಿರಲಿಕ್ಕಿಲ್ಲ.

ಇಲ್ಲಿಯವರೆಗೆ ಎಲ್ಲವೂ ಸಲೀಸು. ಆದರೆ ಪರಿಗ್ರಹದ ವಿಚಾರ ಇಷ್ಟಕ್ಕೇ ಬಿಡುವುದಿಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಏಳನೆಯ ಅಧ್ಯಾಯದಲ್ಲಿ ಪರಿಗ್ರಹಕ್ಕೆ ಕೊಡುವ ಲಕ್ಷಣದಲ್ಲಿ ವಸ್ತುವಿನ ಪ್ರಸ್ತಾಪವೇ ಇಲ್ಲ. ಮೂರ್ಛೆಯೇ ಪರಿಗ್ರಹ ಎನ್ನುತ್ತದೆ, ಅಂದರೆ ವಸ್ತುವಿನಲ್ಲಿ ಮನಸ್ಸು ಕಳೆದುಹೋಗಿ ಮಮಕಾರ ಬೇರೂರುವುದು. ವಸ್ತು ಕೈಯಲ್ಲಿದ್ದೂ ಮೂರ್ಛೆ ಇಲ್ಲದಿರಬಹುದು. ವಸ್ತುವೇ ಇಲ್ಲದೆ ಮೂರ್ಛೆ ಇರಬಹುದು. ಎರಡನೆಯದನ್ನು ನಾನು ಬಹಳ ಕಾಲ ತರ್ಕಕ್ಕಾಗಿ ಹೇಳಿದ ಮಾತೆಂದುಕೊಂಡಿದ್ದೆ. ಈ ಹವ್ಯಾಸದಲ್ಲಿ ಅದನ್ನು ಕಣ್ಣಾರೆ ಕಂಡೆ. ಇಲ್ಲಿ 'ಗ್ರೂಪ್ ಬೈ' ಎಂಬ ಪದ್ಧತಿ ಇದೆ. ಯಾರೋ ಒಬ್ಬರು ಕೀಗಳ ಮೇಲಿನ ಟೋಪಿಗಳಿಗೆ ಹೊಸ ಬಣ್ಣ, ಹೊಸ ವಿನ್ಯಾಸ ಮಾಡಿ ಚಿತ್ರ ತೋರಿಸುತ್ತಾರೆ. ಬೇಕಾದವರು ಮೊದಲೇ ಹಣ ಕಟ್ಟಬೇಕು. ನಿಗದಿಯಾದಷ್ಟು ಜನ ಸೇರಿದರೆ ಕಾರ್ಖಾನೆಗೆ ಹೋಗುತ್ತದೆ. ಜರ್ಮನಿಯ ಜಿಎಂಕೆಯಂಥ ಹೆಸರಾಂತ ಕಂಪನಿಯದಾದರೆ ಒಂದು ಸೆಟ್ಟಿಗೆ ಹತ್ತು ಸಾವಿರ ರೂಪಾಯಿ ದಾಟುತ್ತದೆ, ಮನೆ ತಲುಪಲು ತಿಂಗಳುಗಳು, ಕೆಲವೊಮ್ಮೆ ವರ್ಷದ ಮೇಲೆ. ಅಷ್ಟು ಕಾಲ ಕೊಂಡವರ ಕೈಯಲ್ಲಿ ಏನೂ ಇರುವುದಿಲ್ಲ, ಒಂದು ಚಿತ್ರದ ಹೊರತು. ಆ ಚಿತ್ರವನ್ನು ದಿನಕ್ಕೊಮ್ಮೆ ತೆರೆದು ನೋಡುವ ಮನಸ್ಸಿನ ಸ್ಥಿತಿಯನ್ನು ಆಚಾರ್ಯರು ಇಂಥ ವ್ಯಾಪಾರ ಹುಟ್ಟುವ ಎಷ್ಟೋ ಶತಮಾನ ಮುಂಚೆ ಕರಾರುವಾಕ್ಕಾಗಿ ಗುರುತಿಸಿದ್ದಾರೆ.

ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಗೃಹಸ್ಥರಿಗೆ ಬರೆದದ್ದು. ಪರಿಗ್ರಹಕ್ಕೆ ಮಿತಿ ಹಾಕಿಕೊಂಡ ಶ್ರಾವಕ ಎಡವಬಹುದಾದ ಐದು ಅತಿಚಾರಗಳನ್ನು ಅದು ಹೇಳುತ್ತದೆ. ಅತಿಯಾದ ಸಂಗ್ರಹ, ಲೋಭ ಮುಂತಾದವು ನಿರೀಕ್ಷಿತವೇ. ನಡುವೆ 'ವಿಸ್ಮಯ' ಎಂಬುದೂ ಇದೆ: ಪರರ ಲಾಭ, ವೈಭವ ಕಂಡು ಬೆರಗಾಗಿ ನಿಲ್ಲುವುದು. ಬೆರಗು ತಪ್ಪೆಂದು ಎಣಿಸಿದ್ದು ಮೊದಲು ನನಗೆ ಕಠೋರವಾಗಿ ಕಂಡಿತ್ತು. ರಾತ್ರಿ ಊಟವಾದ ಮೇಲೆ ಇನ್ನೊಬ್ಬರ ಕೀಬೋರ್ಡಿನ ಸದ್ದಿನ ವಿಡಿಯೋಗಳನ್ನು ಒಂದಾದ ಮೇಲೊಂದು ಕೇಳುತ್ತಾ ಕೂರುವವರನ್ನು ನೋಡಿದ ಮೇಲೆ ಅದು ಯಾಕೆ ಪಟ್ಟಿಯಲ್ಲಿದೆ ಎಂದು ತಿಳಿಯಿತು. ಸ್ವಿಚ್ಚುಗಳನ್ನು ಕೂರಿಸಲು ಹಿತ್ತಾಳೆಯ ತಟ್ಟೆ ಹಾಕಿದರೆ ಒಂದು ನಾದ, ಪಾಲಿಕಾರ್ಬೊನೇಟ್ ಹಾಕಿದರೆ ಇನ್ನೊಂದು. ಆ ಬೆರಗು ಅಲ್ಲಿಗೇ ಮುಗಿಯುವುದಿಲ್ಲ, ಸದ್ದಿಲ್ಲದೆ ತನ್ನ ಮೇಜಿನ ಮೇಲಿರುವುದನ್ನು ಸಪ್ಪೆ ಮಾಡಿಬಿಡುತ್ತದೆ. ನಿನ್ನೆಯವರೆಗೆ ಸಾಕಾಗಿದ್ದು ಇಂದು ಸಾಕಾಗದು.

ಇದಕ್ಕೆ ಎದುರಾಗಿ ಇನ್ನೊಂದು ದರ್ಶನವಿದೆ. ಅದು ಜಪಾನಿನ ಕಂಪ್ಯೂಟರ್ ವಿಜ್ಞಾನಿ ಎಯೀತಿ ವಾಡ ಅವರದು. 1996ರಲ್ಲಿ ಪಿಎಫ್‌ಯು ಕಂಪನಿ ತಂದ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡಿನ ಹಿಂದಿರುವ ಆಲೋಚನೆ ಅವರದೇ. ಅಮೆರಿಕದ ದನಗಾಹಿಗಳು ಕುದುರೆ ಸತ್ತರೆ ಅದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ, ಜೀನನ್ನು ಮಾತ್ರ ಹೊತ್ತು ನಡೆಯುತ್ತಾರೆ, ಯಾಕೆಂದರೆ ಜೀನು ಸವಾರನ ಮೈಗೆ ಒಗ್ಗಿದ್ದು ಎಂಬ ಆಶಯದ ಮಾತನ್ನು ಅವರು ಹೇಳಿದ್ದಾರೆ. ಕಂಪ್ಯೂಟರು ಬದಲಾಗುತ್ತಿರುತ್ತದೆ, ಕೀಬೋರ್ಡು ಜೀವಮಾನದ ಸಂಗಾತಿಯಾಗಬೇಕು. ಈ ಮಾತಿಗೆ ನನ್ನಲ್ಲಿ ಗೌರವವಿದೆ. ರಬ್ಬರ್ ಹಾಳೆಯ ಕೀಬೋರ್ಡು ಕೆಟ್ಟರೆ ಇಡೀ ವಸ್ತುವೇ ಕಸಕ್ಕೆ ಹೋಗುತ್ತದೆ. ಸ್ವಿಚ್ಚು ಕೀಳಬಹುದಾದ ಕೀಬೋರ್ಡಿನಲ್ಲಿ ಕೆಟ್ಟ ಒಂದನ್ನು ಕಿತ್ತು ಇನ್ನೊಂದು ಹಾಕಿದರಾಯಿತು. 1985ರಲ್ಲಿ ಬಂದ ಐಬಿಎಂ ಮಾಡೆಲ್ ಎಂ ಕೀಬೋರ್ಡುಗಳಲ್ಲಿ ಇಂದಿಗೂ ಕೆಲಸ ಮಾಡುವವರಿದ್ದಾರೆ. ಅಗ್ಗದ್ದನ್ನು ಮತ್ತೆ ಮತ್ತೆ ಕೊಂಡು ಎಸೆಯುವುದು ಅಪರಿಗ್ರಹ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ಆದರೂ ಜೀನಿನ ಪಕ್ಕದಲ್ಲಿ ಪಿಂಛಿಯನ್ನಿಟ್ಟು ನೋಡಿದಾಗ ನನಗೆ ಪಿಂಛಿಯ ದಾರಿಯೇ ದೊಡ್ಡದಾಗಿ ಕಾಣುತ್ತದೆ. ಚಾತುರ್ಮಾಸ ಮುಗಿದ ಮೇಲೆ ಪಿಂಛಿ ಪರಿವರ್ತನೆ ನಡೆಯುತ್ತದೆ. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಕಟ್ಟಿದ ಹೊಸ ಪಿಂಛಿ ಮುನಿಗಳ ಕೈಗೆ ಬರುತ್ತದೆ. ಹಳೆಯದನ್ನು ನಿಯಮವೊಂದನ್ನು ತೆಗೆದುಕೊಂಡ ಶ್ರಾವಕರಿಗೆ ಕೊಟ್ಟುಬಿಡುತ್ತಾರೆ. ವರ್ಷವಿಡೀ ಹಗಲಿರುಳು ಜೊತೆಗಿದ್ದದ್ದು, ಏಳುವಾಗ ಕೂರುವಾಗ ಅದಿಲ್ಲದೆ ಒಂದು ಹೆಜ್ಜೆ ಇಡದಂಥದ್ದು. ಬದಲಿಸುವ ಕಾರಣವೂ ಮುಖ್ಯ. ಬಳಸಿ ಬಳಸಿ ಗರಿಯ ತುದಿ ಸವೆದು ಒರಟಾಗುತ್ತದೆ. ಒರಟಾದರೆ ಮುನಿಗಳ ಕೈಗೇನೂ ಆಗುವುದಿಲ್ಲ. ನೋವಾಗುವುದು ನೆಲದ ಮೇಲಿನ ಇರುವೆಗೆ.

ಇಲ್ಲಿ ನನಗೆ ಮೂಲಾಚಾರದ ಪಟ್ಟಿಯ ಒಳಗುಟ್ಟು ಸಿಕ್ಕಿತು ಎನಿಸುತ್ತದೆ. ಮೃದುತ್ವವನ್ನು ಅಷ್ಟು ಗಂಭೀರವಾಗಿ ಬರೆದಿಟ್ಟದ್ದು ಹಿಡಿದವರ ಸುಖಕ್ಕಲ್ಲ. ಗುಡಿಸಿಕೊಳ್ಳುವ ಜೀವಕ್ಕಾಗಿ. ಸಾಧನದ ಒಳ್ಳೆಯತನವನ್ನು ಬಯಸುವುದರಲ್ಲಿ ದೋಷವಿಲ್ಲ, ಆ ಒಳ್ಳೆಯತನ ಯಾರಿಗೆ ಸಲ್ಲುತ್ತದೆ ಎಂದು ಮಾತ್ರ ಕೇಳಬೇಕು. ಈ ಪ್ರಶ್ನೆ ಹಿಡಿದು ನನ್ನ ಕೀಬೋರ್ಡನ್ನು ನೋಡಿದರೆ ಅದು ಒಂದೇ ವಸ್ತುವಾಗಿ ಉಳಿಯುವುದಿಲ್ಲ. ಅದರ ಒಂದೊಂದು ಗುಣಕ್ಕೆ ಒಂದೊಂದು ಉತ್ತರ.

ನಾನು ಹಾಕಿಕೊಂಡಿರುವುದು ಸದ್ದಡಗಿಸಿದ ಸ್ವಿಚ್ಚು. ದಂಟಿನ ಮೇಲೆ ಕೆಳಗೆ ರಬ್ಬರಿನ ಪುಟ್ಟ ತುಣುಕುಗಳಿರುತ್ತವೆ, ತಾಕಿದಾಗ ಶಬ್ದ ನುಂಗಿಕೊಳ್ಳುತ್ತವೆ. ಅಣ್ಣನ ಮಗನಿಗೆ ಇದು ಸುತರಾಂ ಹಿಡಿಸುವುದಿಲ್ಲ, ಕೆಸರಿನಲ್ಲಿ ಬೆರಳಿಟ್ಟ ಹಾಗೆ ಎನ್ನುತ್ತಾನೆ. ಆದರೆ ನಾನು ಟೈಪ್ ಮಾಡುವುದು ಬೆಳಗಿನ ಜಾವ, ಪಕ್ಕದ ಕೋಣೆಯಲ್ಲಿ ನಮ್ಮ ಅತ್ತೆ ಮಲಗಿರುತ್ತಾರೆ. ಅವರಿಗೆ ನಿದ್ದೆ ಹತ್ತುವುದೇ ತಡವಾಗಿ. ಈ ಸದ್ದಿಲ್ಲದಿರುವಿಕೆ ಅವರಿಗೆ ಸೇರಿದ್ದು. ಇದಕ್ಕಾಗಿ ಎಷ್ಟು ಹುಡುಕಾಡಿದರೂ ಅದು ಪಿಂಛಿಯ ಮೃದುತ್ವದ ಜಾತಿಗೇ ಸೇರುತ್ತದೆ.

ಇನ್ನೊಂದು ಗುಣ ಓದುಗರಿಗೆ ಸೇರಿದ್ದು. ಹಳಗನ್ನಡದಲ್ಲಿ ಱ ಮತ್ತು ೞ ಇವೆ. ಇವನ್ನು ರ, ಳ ಎಂದು ಬರೆದುಬಿಟ್ಟರೆ ಪಾಠ ಕೆಡುತ್ತದೆ, ಪ್ರಾಸ ನೋಡುವವರಿಗೆ ದಿಕ್ಕು ತಪ್ಪುತ್ತದೆ. ಪ್ರತಿ ಸಲ ಬೇರೆಲ್ಲಿಂದಲೋ ತಂದು ಅಂಟಿಸುವುದಾದರೆ ಆಯಾಸದಲ್ಲಿ ಕೈ ತಪ್ಪುವುದು ಸಹಜ. ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶದಲ್ಲಿ ಕೀಬೋರ್ಡಿನೊಳಗೇ ಹೊಸ ಪದರ ಮಾಡಿಕೊಳ್ಳಬಹುದು. ನನ್ನದರಲ್ಲಿ ಬಲ ಹೆಬ್ಬೆರಳ ಕೀ ಹಿಡಿದು ಎಲ್ ಒತ್ತಿದರೆ ೞ, ಆರ್ ಒತ್ತಿದರೆ ಱ. ಇದನ್ನು ಕೂತು ಬರೆದುಕೊಟ್ಟವನು ಅದೇ ಹುಡುಗ. ಆ ತಂತ್ರಾಂಶವನ್ನು ಬರೆದು ಜಗತ್ತಿಗೆ ಬಿಟ್ಟವರನ್ನು, ತಮ್ಮ ವಿನ್ಯಾಸಗಳನ್ನು ಯಾರು ಬೇಕಾದರೂ ಬಳಸಿ ಎಂದು ಕೊಟ್ಟವರನ್ನು ನೆನೆದಾಗ, ಕೊಳ್ಳುವ ಗೀಳಿನ ಲೋಕದಲ್ಲೇ ಜ್ಞಾನದಾನವೂ ನಡೆಯುತ್ತಿದೆ ಎಂದು ಕೃತಜ್ಞಳಾಗುತ್ತೇನೆ.

ಉಳಿದದ್ದು ನಾದ, ಬಣ್ಣ, ಬೆರಳ ತುದಿಗೆ ಸಿಗುವ ನುಣುಪು. ಇವು ನನ್ನವು, ನನಗೊಬ್ಬಳಿಗೆ. ಅಪರಿಗ್ರಹ ಮಹಾವ್ರತದ ಭಾವನೆಗಳಲ್ಲಿ ಐದು ಇಂದ್ರಿಯಗಳಿಗೆ ಹಿತವಾದದ್ದರಲ್ಲಿ ರಾಗ, ಅಹಿತವಾದದ್ದರಲ್ಲಿ ದ್ವೇಷ ಎರಡನ್ನೂ ಬಿಡಲು ಹೇಳಿದೆ. ಹಿತವಾದ ಸದ್ದಿಗೆ ಹಂಬಲಿಸುವುದೂ, ಸ್ಪೇಸ್ ಬಾರಿನ ಕಟಕಟಕ್ಕೆ ಸಿಡಿಮಿಡಿಗೊಳ್ಳುವುದೂ ಅಲ್ಲಿ ಒಂದೇ ಸಾಲಿನಲ್ಲಿವೆ. ನಾನು ಮಹಾವ್ರತಿಯಲ್ಲ. ಗೃಹಸ್ಥೆಗೆ ಇವನ್ನು ಪೂರ್ತಿ ಬಿಡು ಎಂದು ಶಾಸ್ತ್ರ ಹೇಳುವುದಿಲ್ಲ. ಉಪಭೋಗ ಎಂದು ಹೆಸರಿಟ್ಟು ಒಪ್ಪಿಕೊ, ಮಿತಿ ಹಾಕಿಕೊ ಎನ್ನುತ್ತದೆ. ನನ್ನ ಸುಖವನ್ನು ಸಾಹಿತ್ಯಸೇವೆಯ ಹೆಸರಿನಲ್ಲಿ ದಾಟಿಸದಿದ್ದರೆ ಸಾಕು, ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ.

ಹವ್ಯಾಸಿಗಳ ಬಾಯಲ್ಲಿ 'ಎಂಡ್‌ಗೇಮ್' ಎಂಬ ಮಾತು ಕೇಳುತ್ತಿರುತ್ತೇನೆ. ಇದೊಂದು ಸಿಕ್ಕಿದರೆ ಮುಗಿಯಿತು, ಆಮೇಲೆ ಇನ್ನೇನೂ ಬೇಡ ಎಂಬ ಕಡೆಯ ಕೀಬೋರ್ಡು. ಅದು ಬಂದ ಮೇಲೆ ಇನ್ನೊಂದು ಕಡೆಯದು ಹುಟ್ಟುತ್ತದೆ. ಇಚ್ಛೆ ತನಗೆ ಬೇಕಾದದ್ದನ್ನು ಪಡೆದು ಶಾಂತವಾಗುತ್ತದೆ ಎಂಬ ನಂಬಿಕೆಯನ್ನು ನಮ್ಮ ಆಚಾರ್ಯರು ಎಲ್ಲಿಯೂ ಇಟ್ಟುಕೊಳ್ಳಲಿಲ್ಲ. ಸಮಂತಭದ್ರರು ಪರಿಗ್ರಹಪರಿಮಾಣ ವ್ರತಕ್ಕೆ ಇಚ್ಛಾಪರಿಮಾಣ ಎಂಬ ಇನ್ನೊಂದು ಹೆಸರನ್ನೂ ಹೇಳುತ್ತಾರೆ. ಮೊದಲೇ ಗೆರೆ ಎಳೆ, ಆಮೇಲೆ ಅದರೊಳಗೆ ಬದುಕು ಎಂಬುದು ಕ್ರಮ. ಹಾಗಾಗಿ ಬಸದಿಯಲ್ಲಿ ನಿಯಮ ತೆಗೆದುಕೊಳ್ಳುವಾಗ ನಾನು ಇದನ್ನೂ ಸೇರಿಸಿದೆ: ಕೆಲಸಕ್ಕೊಂದು, ಕೆಟ್ಟರೆ ಇರಲೆಂದು ಇನ್ನೊಂದು, ಹೆಚ್ಚು ಬೇಡ.

ಅಣ್ಣನ ಮಗ ಇದಕ್ಕೆ ಕೇಳಿದ ಪ್ರಶ್ನೆ ಹರಿತವಾಗಿತ್ತು. "ಎರಡೇ ಕೀಬೋರ್ಡು ಸರಿ ಅತ್ತೆ. ಅದೇ ಎರಡಕ್ಕೆ ತಿಂಗಳಿಗೊಮ್ಮೆ ಸ್ವಿಚ್ಚು ಬದಲಾಯಿಸ್ತಾ, ಹೊಸ ಕೀಕ್ಯಾಪ್ ಹಾಕ್ತಾ ಹೋದರೆ? ಲೆಕ್ಕ ಎರಡೇ ಇರುತ್ತಲ್ಲ?" ಅತಿಚಾರ ಎಂಬುದರ ತಿರುಳೇ ಅದು ಎಂದೆ: ವ್ರತದ ಮಾತು ಮುರಿಯದೆ ವ್ರತದ ಜೀವ ತೆಗೆಯುವುದು. ಬಿಡಿಭಾಗಗಳೂ ಲೆಕ್ಕಕ್ಕೆ ಸೇರಬೇಕು ಎಂದು ನಿಯಮವನ್ನು ತಿದ್ದಿಕೊಂಡೆ. ಡಬ್ಬಿಯಲ್ಲಿ ಉಳಿದಿದ್ದ ಸ್ವಿಚ್ಚುಗಳನ್ನು, ಗ್ರೀಸಿನ ಅರ್ಧ ಸೀಸೆಯನ್ನು, ನಾನು ಮೊದಲು ಜೋಡಿಸಿದ ಕೀಬೋರ್ಡನ್ನು ನನ್ನ ಹಾಗೆಯೇ ಓಲೆಗರಿ ಓದಲು ಕಲಿಯುತ್ತಿರುವ ಹುಡುಗಿಗೆ ಶ್ರುತಪಂಚಮಿಯಂದು ಕೊಟ್ಟೆ. ೞ ಇರುವ ಪದರವನ್ನು ಹಾಗೇ ಬಿಟ್ಟಿದ್ದೇನೆ.

ಈಗ ನನ್ನ ಮುಂದಿರುವುದು ಇನ್ನೂ ಕಷ್ಟದ್ದು. ಪಿಬಿಟಿ ಪ್ಲಾಸ್ಟಿಕ್ಕಿನ ಟೋಪಿಗಳ ಮೇಲೆ ಬಣ್ಣವನ್ನು ಬಿಸಿಯಿಂದ ಇಂಗಿಸಿ ಯಾವ ಅಕ್ಷರ ಬೇಕಾದರೂ ಮೂಡಿಸಬಹುದು. ಕನ್ನಡ ಅಕ್ಷರಗಳ ಒಂದು ಸೆಟ್ಟು, ಸರ್ಕಾರಿ ವಿನ್ಯಾಸದ್ದೇ, ಎಫ್ ಕೀ ಮೇಲೆ ಒತ್ತಿನ ಗುರುತು ಸಹಿತ. ಹುಡುಗ ಚಿತ್ರ ಬಿಡಿಸಿ ಕಳಿಸಿದ್ದಾನೆ, ಬೇಕೆನ್ನುವ ಇನ್ನಷ್ಟು ಜನರನ್ನು ಸೇರಿಸುತ್ತೇನೆ ಎನ್ನುತ್ತಾನೆ. ನನ್ನ ಬೆರಳಿಗೆ ಅದು ಬೇಕಿಲ್ಲ, ನೋಡದೆಯೇ ಟೈಪ್ ಮಾಡುತ್ತೇನೆ. ಹೊಸದಾಗಿ ಕಲಿಯುವ ಮಕ್ಕಳಿಗೆ ಮಾತ್ರ ನಿಜಕ್ಕೂ ನೆರವಾಗುತ್ತದೆ. ಹಾಗಾದರೆ ಶಾಲೆಯ ಮಕ್ಕಳಿಗೆ ಕೈಗೆಟಕುವ ಬೆಲೆಯಲ್ಲಿ, ಸಾದಾ ಕೀಬೋರ್ಡಿಗೂ ಹೊಂದುವಂತೆ ಮೊದಲು ಮಾಡು, ಲೋಹದ ಡಬ್ಬಿಯ, ಬಣ್ಣ ಬಣ್ಣದ ಸೆಟ್ಟಿನ ಮಾತು ಆಮೇಲೆ ಎಂದು ಬರೆದಿದ್ದೇನೆ. ಸಾದಾ ಕೀಬೋರ್ಡುಗಳ ದಂಟಿನ ಅಳತೆ ಒಂದೊಂದು ಕಂಪನಿಗೆ ಒಂದೊಂದು ಥರ, ಅದಕ್ಕೆ ಟೋಪಿಯ ಬದಲು ಅಂಟಿಸುವ ಚೀಟಿಯೇ ಸರಿ ಎಂದು ಅವನು ಮರುತ್ತರ ಕಳಿಸಿದ್ದಾನೆ. ಚೀಟಿ ಬೆವರಿಗೆ ಏಳದಂತೆ ಯಾವ ಅಂಟು ಹಾಕಬೇಕು ಎಂದು ಇಬ್ಬರೂ ಹುಡುಕುತ್ತಿದ್ದೇವೆ.